ಓದುಗರ ಪ್ರಶ್ನೆ: ಪಲ್ಟಿಯಾದ ಕಾರು, ಹೈಡ್ರಾ ಮತ್ತು ಬೋಟಿನ ಹಗ್ಗ

ಮಳೆಗಾಲ ಶುರುವಾದ್ರೆ ಸಾಕು, ಅವೇ ಪ್ರಶ್ನೆ ಮತ್ತೆ ಬರ್ತವೆ. ದೇವಿಮನೆ ಘಟ್ಟ, ಅರಬೈಲ್ ಘಟ್ಟ, ಗೇರುಸೊಪ್ಪ ರಸ್ತೆ, ಇಲ್ಲಾ ಕೆಳಗೆ ಹೆದ್ದಾರಿ 66, ಎಲ್ಲೋ ಒಂದು ಕಡೆ ಕಾರು ಪಲ್ಟಿ, ಯಾರೋ ವಿಡಿಯೋ ಮಾಡ್ತಾರೆ, ಅದನ್ನ ನೋಡಿ ಮತ್ತೊಬ್ರು ನಾವೂ ಹೀಗೆ ಮಾಡ್ಬಹುದಾ ಅಂತ ನನಗೆ ಕಳಿಸ್ತಾರೆ. ಒಳಗೆ ಜನ ಇದ್ರೆ ಕಾರು ಕದಲಿಸಬಾರದು, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಪೊಲೀಸ್ರು ನೋಡಿ ಹೂಂ ಅನ್ನೋ ತನಕ ಗಾಡಿ ಮುಟ್ಟಬಾರದು, ಇದನ್ನೆಲ್ಲ ನಾನಿಲ್ಲಿ ವಿವರಿಸ್ತಾ ಕೂರೋದಿಲ್ಲ. ಈ ಕೆಲಸಕ್ಕೆ ಇಳಿದವನಿಗೆ ಅಷ್ಟು ಗೊತ್ತಿರ್ಬೇಕು. ಗೊತ್ತಿಲ್ಲ ಅಂದ್ರೆ ಹೈಡ್ರಾ (ಭಾರ ಎತ್ಕೊಂಡು ಓಡಾಡೋ ಕ್ರೇನ್) ಕೀಲಿ ಬೇರೆಯವರ ಕೈಗೆ ಕೊಡಿ.

ಪ್ರಶ್ನೆ: ಅಣ್ಣಾ, ನಮ್ಮದು ಶಿರಸಿ ಕಡೆ ಒಂದು ಹೈಡ್ರಾ ಇದೆ. ಮೊನ್ನೆ ರಸ್ತೆ ಬದಿಯಲ್ಲಿ ಒಂದು ಬಲೆನೋ ಮಗ್ಗುಲಿಗೆ ಬಿದ್ದಿತ್ತು. ಮೇಲಿನ ಗಾಲಿಗೆ ಬೆಲ್ಟ್ ಹಾಕಿ ಎಳೆದೆ, ಎದ್ದು ಬಂತು, ಆದ್ರೆ ದಡಾರ್ ಅಂತ ಬಿದ್ದು ಮುಂದಿನ ಸಸ್ಪೆನ್ಷನ್ ಮುರೀತು. ಓನರ್ ನೀನೇ ಮುರಿದಿದ್ದು ಅಂತ ದುಡ್ಡು ಕೊಡಲಿಲ್ಲ. ಇನ್ನೂ ದೊಡ್ಡ ಹೈಡ್ರಾ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?

ಉತ್ತರ: ತಮ್ಮಾ, ಓನರ್ ಹೇಳಿದ್ದು ಸರಿ. ಮುರಿದಿದ್ದು ನೀನೇ. ದೊಡ್ಡ ಹೈಡ್ರಾ ಇದ್ದಿದ್ರೆ ಇನ್ನೂ ಜೋರಾಗಿ ಮುರೀತಿತ್ತು, ಅಷ್ಟೇ ವ್ಯತ್ಯಾಸ.

ಬಲೆನೋ ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ ತೂಗ್ತದೆ. ಸಮತಟ್ಟು ನೆಲದಲ್ಲಿ ಮಗ್ಗುಲಿಗೆ ಬಿದ್ದ ಕಾರನ್ನ ಮೇಲಿನ ಗಾಲಿ ಹಿಡಿದು ಅಡ್ಡಕ್ಕೆ ಎಳೆದ್ರೆ ಅದರ ತೂಕದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಎಳೆತ ಬಂದ್ರೆ ಸಾಕು, ಕಾರು ಕದಲ್ತದೆ. ಅಂದ್ರೆ ಮುನ್ನೂರೈವತ್ತು ಕೆಜಿ ಆಚೆ ಈಚೆ. ಅದಕ್ಕೇ ಊರಿನ ಹತ್ತು ಜನ ಸೇರಿ ನೂಕಿದ್ರೂ ಕಾರು ಏಳ್ತದೆ. ಹನ್ನೆರಡು ಟನ್ನಿನ ಹೈಡ್ರಾ ತಂದು ಅದನ್ನ ಎಬ್ಬಿಸಿದ್ದು ದೊಡ್ಡ ಸಾಹಸ ಏನಲ್ಲ. ಶಕ್ತಿಯ ಪ್ರಶ್ನೆ ಅಲ್ಲವೇ ಅಲ್ಲ ಇದು.

ಮಗ್ಗುಲಲ್ಲಿರೋ ಕಾರು ಗಾಲಿ ಮೇಲೆ ಬರಬೇಕಾದ್ರೆ 90 ಡಿಗ್ರಿ ತಿರುಗಬೇಕು ಹೌದಾ? ಅದರಲ್ಲಿ ಸಣ್ಣ ಕಾರಾದ್ರೆ ಮೊದಲ 35-40 ಡಿಗ್ರಿ ಮಾತ್ರ ನೀನು ಎಳೆಯೋದು, ಅಲ್ಲಿಗೆ ಕಾರಿನ ಭಾರ ಪೂರ್ತಿ ಕೆಳಗಿನ ಗಾಲಿಗಳ ನೆತ್ತಿ ಮೇಲೆ ಬಂದು ನಿಲ್ತದೆ, ಅದು ದಾಟ್ತಾ ಇದ್ದ ಹಾಗೆ ಉಳಿದದ್ದಷ್ಟೂ ಕಾರು ತಾನೇ ಬೀಳೋದು, ನಿನ್ನ ಬೆಲ್ಟ್ ಆಗ ಸಡಿಲಾಗಿ ಜೋತಾಡ್ತಾ ಇರ್ತದೆ. ಬೊಲೆರೋ ತರದ ಎತ್ತರದ ಗಾಡಿ ಆದ್ರೆ ಭಾರ ಮೇಲಿರ್ತದೆ, ಹೆಚ್ಚುಕಡಿಮೆ ಅರ್ಧದ ತನಕ ಎಳೀಬೇಕು, ಆಮೇಲಿನ ಕತೆ ಅದೇ. ನೀನು ಆ ಅರ್ಧಕ್ಕೆ ಮಾತ್ರ ತಯಾರಿ ಮಾಡಿದ್ದೆ. ಇನ್ನರ್ಧಕ್ಕೆ ನಿನ್ನ ಹತ್ರ ಏನೂ ಇರಲಿಲ್ಲ.

ಅದಕ್ಕೇ ಎರಡು ಹಗ್ಗ ಬೇಕು ಅಂತ ನಾನು ಬಾಯಿ ಬಡ್ಕೊಳ್ಳೋದು. ಒಂದು ಎಳೆಯೋದು, ಇನ್ನೊಂದು ತಡೆಯೋದು. ತಡೆಯೋ ಹಗ್ಗ ಕಾರಿನ ಟಾಪ್ ಇರೋ ಕಡೆಯಿಂದ ಬರಬೇಕು, ಅದೂ ಎತ್ತರದಿಂದ ಬರಬೇಕು. ಇದನ್ನ ಯಾರೂ ಕಿವಿ ಮೇಲೆ ಹಾಕ್ಕೊಳ್ಳೋದಿಲ್ಲ. ಹಿಂದೆ ಇರೋ ಮರದ ಬುಡಕ್ಕೆ ಕಟ್ಟಿ ತಡೆದ್ರೆ ಶುರುವಲ್ಲಿ ಸರಿ ಅನ್ನಿಸ್ತದೆ, ಆದ್ರೆ ಗಾಲಿ ನೆಲಕ್ಕೆ ಹತ್ರ ಬಂದ ಹಾಗೆ ಹಗ್ಗ ನೆಲಕ್ಕೆ ಸಮ ಆಗ್ತದೆ, ಕಾರನ್ನ ಮೇಲೆ ಹಿಡಿಯೋ ಬದಲು ಹಿಂದಕ್ಕೆ ಜಾರಿಸ್ತದೆ. ಬೇಕಾಗಿದ್ದು ಕೊನೇ ಒಂದಡಿಯಲ್ಲಿ, ಅಲ್ಲೇ ಹಿಡಿತ ಇಲ್ಲ.

ಹಾಗಾಗಿ ನಿನ್ನ ಹೈಡ್ರಾವನ್ನ ಎಳೆಯೋಕೆ ಬಳಸಲೇಬೇಡ, ಹಿಡಿಯೋಕೆ ಬಳಸು. ಬೂಮ್, ಅಂದ್ರೆ ಕ್ರೇನಿನ ಉದ್ದ ತೋಳು, ಇರೋದೇ ಅದಕ್ಕೆ. ಎಳೆಯೋಕೆ ವಿಂಚ್ (ರೋಪ್ ಸುತ್ತಿ ಎಳೆಯೋ ಯಂತ್ರ) ಇರೋ ಪಿಕಪ್ಪೋ, ಕಾರು ಹೊತ್ತೊಯ್ಯೋ ಫ್ಲ್ಯಾಟ್‌ಬೆಡ್ಡೋ ಗಾಲಿಗಳು ಮುಖ ಮಾಡಿರೋ ಕಡೆ ನಿಲ್ಲಿಸು, ಏನೂ ಇಲ್ಲ ಅಂದ್ರೆ ಒಂದು ಚೈನ್ ಪುಲ್ಲಿ ಸಾಕು, ಮುನ್ನೂರೈವತ್ತು ಕೆಜಿ ತಾನೇ. ಹೈಡ್ರಾವನ್ನ ಕಾರಿನ ಟಾಪ್ ಕಡೆ ತಂದು, ಮೇಲಿನ ಎರಡೂ ಗಾಲಿಗೆ ಹಿಂದೆ ಒಂದು ಮುಂದೆ ಒಂದು ಬೆಲ್ಟ್ ಹಾಕಿ ಎರಡನ್ನೂ ಹುಕ್ಕಿಗೆ ಸೇರಿಸಿ, ಬೆಲ್ಟ್ ಬಿಗಿ ಆಗೋಷ್ಟು ಮಾತ್ರ ಎತ್ತಿಟ್ಟುಕೋ. ಹಾಗಂತ ಹೈಡ್ರಾದಲ್ಲೇ ಮೇಲಕ್ಕೆ ಎತ್ತಿದ್ರೆ ಸಾಕು ಅಂದ್ಕೋಬೇಡ, ಮೇಲಿನ ಗಾಲಿ ಕೆಳಗಿನ ಗಾಲಿಯ ನೇರ ಮೇಲಿರ್ತದೆ, ನೆಟ್ಟಗೆ ಎತ್ತಿದ್ರೆ ಕಾರು ತಿರುಗೋದಿಲ್ಲ, ಹಾಗೇ ನೇತಾಡ್ತದೆ. ಈಗ ವಿಂಚ್‌ನವನು ನಿಧಾನ ಎಳೀಲಿ. ಕಾರು ತೂಕ ದಾಟೋ ಹೊತ್ತಿಗೆ ಭಾರ ಹೈಡ್ರಾ ಬೆಲ್ಟಿಗೆ ಬರ್ತದೆ, ಗೊತ್ತಾಗ್ತದೆ ನಿನಗೆ, ಬೂಮ್ ಸ್ವಲ್ಪ ತಗ್ಗಿ ಬೆಲ್ಟ್ ಕಿರ್ ಅಂತದೆ. ಅಲ್ಲಿಂದ ಎಳೆಯೋನು ಸುಮ್ನಿರ್ಬೇಕು, ನೀನೊಬ್ಬನೇ ಕೆಲಸ ಮಾಡೋದು, ಹುಕ್ ಇಳಿಸ್ತಾ ಇಳಿಸ್ತಾ ಗಾಲಿ ನೆಲಕ್ಕೆ ತಾಗಿಸೋದು. ಇಬ್ಬರೂ ಒಟ್ಟಿಗೆ ಬಾಯಿ ಹಾಕ್ಬಾರದು, ಸನ್ನೆ ಮಾಡೋನು ಒಬ್ಬನೇ ಇರ್ಬೇಕು, ರಸ್ತೆ ಬದಿ ನಿಂತು ಬಿಡೂ ಬಿಡೂ ಅನ್ನೋ ಜನರ ಮಾತು ಕೇಳ್ಲೇಬಾರದು.

ಇನ್ನೊಂದು, ಎಳೆಯೋ ಮೊದಲು ಕೆಳಗಿನ ಗಾಲಿಗಳ ಮುಂದೆ ಮರದ ತುಂಡು ಬಡಿದು ಕೂರಿಸು. ನಮ್ಮ ಕೆಂಪು ಮಣ್ಣು ಮಳೇಲಿ ನೆಂದ್ರೆ ಸಾಬೂನು. ತಡೆ ಇಲ್ಲದಿದ್ರೆ ಕಾರು ತಿರುಗೋ ಬದಲು ಹಾಗೇ ಮಗ್ಗುಲಲ್ಲೇ ಜಾರಿ ಬಂದು ಬಾಗಿಲು ಪೂರ್ತಿ ತರಿದು ಹೋಗ್ತದೆ.

ಬೆಲ್ಟ್ ಹಾಕೋ ಜಾಗ ಗಾಲಿಯ ರಿಮ್ಮು, ಸಸ್ಪೆನ್ಷನ್ನಿನ ದಪ್ಪ ಭಾಗ, ಚಾಸಿ ಇದ್ರೆ ಚಾಸಿ. ಸ್ಟೇರಿಂಗಿನ ಟೈ ರಾಡಿಗೆ ಹುಕ್ ಹಾಕಿ ಎಳೆದವರನ್ನ ನೋಡಿದ್ದೇನೆ. ಕಿಟಕಿ ಕಂಬಕ್ಕೆ ಸುತ್ತಿ ಎಳೆದವರನ್ನೂ ನೋಡಿದ್ದೇನೆ, ಟಾಪ್ ಕಿತ್ತು ಬರ್ತದೆ. ಬಂಪರಲ್ಲಿ ತಿರುಪಿ ಹಾಕೋ ಟೋಯಿಂಗ್ ಕೊಂಡಿ ನೇರ ಎಳೆಯೋಕೆ ಮಾತ್ರ, ಅಡ್ಡ ಎಳೆದ್ರೆ ಅದು ಬಗ್ಗಿ ತುಂಡಾಗಿ ಗುಂಡಿನ ಹಾಗೆ ಹಾರ್ತದೆ. ಕಬ್ಬಿಣದ ರಿಮ್ಮಿನ ತೂತಿನ ಅಂಚು ಬೆಲ್ಟ್ ಕೊಯ್ತದೆ, ನಡುವೆ ಹಳೆ ಟ್ಯೂಬಿನ ತುಂಡು ಇಡು, ಬೆಲ್ಟ್ ಬಾಗಿಲ ಮೇಲೆ ತಿಕ್ಕೋ ಕಡೆ ಗೋಣಿಚೀಲ ಇಡು. ಅಡಿಕೆ ಊರಲ್ಲಿ ಚೀಲಕ್ಕೇನು ಬರ.

ಕಾರು ಪೂರ್ತಿ ಉಲ್ಟಾ ಬಿದ್ದಿದ್ರೂ ಇದೇ ಲೆಕ್ಕ, ಎರಡು ಸಲ ಮಾಡ್ಬೇಕು. ಮೊದಲು ಮಗ್ಗುಲಿಗೆ ತಂದು ನಿಲ್ಲಿಸು, ಹಗ್ಗ ಎಲ್ಲ ಮತ್ತೆ ಕಟ್ಟು, ಆಮೇಲೆ ಗಾಲಿಗೆ. ಒಂದೇ ಏಟಿಗೆ ಉರುಳಿಸೋ ವಿಡಿಯೋ ಹಾಕಿ ರಿಕವರಿ ಎಕ್ಸ್‌ಪರ್ಟ್ ಅಂತ ಹೆಸರಿಟ್ಟುಕೊಂಡವರು ಆ ಕಾರಿನ ರಿಪೇರಿ ಬಿಲ್ಲನ್ನೂ ಜೊತೆಗೆ ಹಾಕ್ಲಿ, ನೋಡೋಣ.

ಮತ್ತೆ ಹೈಡ್ರಾ ಹನ್ನೆರಡು ಟನ್ ಅಂತ ಬರೆದಿರೋದು ಬೂಮ್ ಪೂರ್ತಿ ಒಳಗಿದ್ದು ನೆಲ ಸಮ ಇದ್ದಾಗ. ಬೂಮ್ ಚಾಚಿದ ಹಾಗೆ ಆ ಲೆಕ್ಕ ಕುಸೀತಾ ಹೋಗ್ತದೆ, ತಿರುವಲ್ಲಿ ನಡು ಮಡಚಿ ನಿಂತ್ರೆ ಇನ್ನೂ ಕಡಿಮೆ. ಘಟ್ಟದ ಇಳಿಜಾರಲ್ಲಿ ರಸ್ತೆ ಅಂಚಿಗೆ ನಿಲ್ಲಿಸಬೇಡ, ಮಳೆಗೆ ಡಾಂಬರಿನ ಅಡಿಯ ಮಣ್ಣು ಕೊಚ್ಚಿ ಹೋಗಿರ್ತದೆ, ಮೇಲಿಂದ ಕಾಣೋದಿಲ್ಲ. ಒಂದು ಕಾರಿಗೆ ಹೋಗಿ ಕಾರೂ ಹೈಡ್ರಾವೂ ಕಣಿವೇಲಿ.

ಪ್ರಶ್ನೆ: ಗದ್ದೆಗೆ ಉರುಳಿ ಕೆಸರಲ್ಲಿ ಹೂತ ಕಾರಿಗೂ ಇಷ್ಟೇ ಎಳೆತ ಸಾಕಾ?

ಉತ್ತರ: ಇಲ್ಲ. ಕೆಸರು ಗಾಲಿ ಮುಚ್ಚಿದ್ರೆ ಕಾರಿನ ತೂಕದಷ್ಟು, ಮಡ್‌ಗಾರ್ಡ್ ತನಕ ಬಂದ್ರೆ ಎರಡು ಪಟ್ಟು, ಅದಕ್ಕೂ ಮೇಲೆ ಮುಳುಗಿದ್ರೆ ಮೂರು ಪಟ್ಟು ಅಂತ ಇಟ್ಕೊಳ್ಳಿ, ಕೆಲಸದವರು ಬಳಸೋ ಅಂದಾಜು ಇದು. ಸ್ನ್ಯಾಚ್ ಬ್ಲಾಕ್ (ರೋಪ್ ಹಾಯಿಸೋ ರಾಟೆ) ಇಲ್ಲಿ ಬೇಕು, ಮಗ್ಗುಲಿಗೆ ಬಿದ್ದ ಆಲ್ಟೊಗಲ್ಲ. ಬ್ಲಾಕನ್ನ ಕಾರಿಗೆ ಹಾಕಿ ರೋಪಿನ ತುದಿ ವಾಪಸ್ ತಂದು ಗಟ್ಟಿ ಜಾಗಕ್ಕೆ ಕಟ್ಟಿದ್ರೆ ಎಳೆತ ಎರಡು ಪಟ್ಟು, ವೇಗ ಅರ್ಧ. ಬ್ಲಾಕನ್ನ ಮರಕ್ಕೆ ಕಟ್ಟಿ ರೋಪ್ ತಿರುಗಿಸಿ ತಂದ್ರೆ ಎಳೆತ ಏನೂ ಹೆಚ್ಚೋದಿಲ್ಲ, ಆ ಮರಕ್ಕೆ ಮಾತ್ರ ರೋಪಿನ ಎಳೆತದ ಎರಡು ಪಟ್ಟು ಬೀಳ್ತದೆ. ಅಡಿಕೆ ಮರಕ್ಕಂತೂ ಕಟ್ಟಲೇಬೇಡಿ, ಮರವೂ ಬರ್ತದೆ, ತೋಟದ ಹೆಗಡೇರೂ ಬರ್ತಾರೆ.

ಪ್ರಶ್ನೆ: ನಮ್ಮಲ್ಲಿ ಬೋಟಿನ ನೈಲಾನ್ ಹಗ್ಗ ಇದೆ, ಟ್ರಾಲರ್ ಕಟ್ಟೋದು, ತುಂಬಾ ಗಟ್ಟಿ. ವೈರ್ ರೋಪ್ ಬದಲು ಅದೇ ಆಗ್ಬಹುದಲ್ವಾ? (ಕಾರವಾರ)

ಉತ್ತರ: ಕಾರವಾರದಿಂದ ಭಟ್ಕಳದ ತನಕ ಪ್ರತಿ ಬಂದರಿಂದಲೂ ಇದೇ ಪ್ರಶ್ನೆ. ಗಟ್ಟಿ ಹೌದು. ನೈಲಾನ್ ಹಿಗ್ತದೆ, ಅಲೆಗೆ ಬೋಟ್ ಕುಲುಕಿದಾಗ ಎಳೆತ ತಡ್ಕೊಳ್ಳಲಿ ಅಂತಲೇ ಅದನ್ನ ಬಳಸೋದು. ಆ ಹಿಗ್ಗಿದ್ದು ಪೂರ್ತಿ ಒಳಗೆ ತುಂಬಿಟ್ಟ ಶಕ್ತಿ, ತುಂಡಾದ್ರೆ ಅಥವಾ ಹುಕ್ ಕಳಚಿದ್ರೆ ಒಂದೇ ಏಟಿಗೆ ವಾಪಸ್ ಬರ್ತದೆ, ತುದೀಲಿ ಹಗ್ಗ ಜೋಡಿಸೋ ಕಬ್ಬಿಣದ ಕೊಂಡಿ, ಶ್ಯಾಕಲ್ ಸಮೇತ. ಜೊತೆಗೆ ಉಪ್ಪು, ಮರಳು, ಬಿಸಿಲು ತಿಂದ ಹಗ್ಗ ಒಳಗೆ ಎಷ್ಟು ಸವೆದಿದೆ ಹೊರಗಿಂದ ಗೊತ್ತಾಗೋದಿಲ್ಲ. ಎಷ್ಟು ಟನ್ ಅಂತ ಚೀಟಿ ಹೊಲಿದಿರೋ ಬೆಲ್ಟ್ ಸಿಗ್ತದೆ, ತಗೊಳ್ಳಿ. ವೈರ್ ರೋಪ್ ಆದ್ರೂ ಬಿಗಿಯಾದ ಮೇಲೆ ಅದರ ಉದ್ದದಷ್ಟು ದೂರದಲ್ಲಿ ಯಾರೂ ನಿಲ್ಬಾರದು, ದಾಟಿ ಹೋಗೋದಂತೂ ಇಲ್ಲವೇ ಇಲ್ಲ.

ಪ್ರಶ್ನೆ: ಪಲ್ಟಿಯಾದ ಕಾರನ್ನ ಎತ್ತಿ ನಿಲ್ಲಿಸಿದ್ವಿ, ಎಂತದ್ದೂ ಆದ ಹಾಗೆ ಕಾಣೋದಿಲ್ಲ. ಸ್ಟಾರ್ಟ್ ಮಾಡಿ ಮನೆಗೆ ಹೋಗ್ಬಹುದಾ?

ಉತ್ತರ: ಬೇಡ ಮಾರಾಯ್ರೆ. ಕಾರು ಉಲ್ಟಾ ಇದ್ದಾಗ ಎಂಜಿನ್ ಆಯಿಲ್ ಮೇಲೆ ಹರಿದು ಸಿಲಿಂಡರ್ ಒಳಗೆ, ಏರ್ ಪೈಪ್ ಒಳಗೆ ಸೇರಿರ್ತದೆ. ಗಾಳಿಯನ್ನ ಪಿಸ್ಟನ್ ಒತ್ತಬಹುದು, ಎಣ್ಣೆಯನ್ನ ಒತ್ತೋಕಾಗೋದಿಲ್ಲ, ಒಂದು ಸಲ ಸೆಲ್ಫ್ ಹೊಡೆದ್ರೂ ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ ಆದ್ರೆ ಗ್ಲೋ ಪ್ಲಗ್ ಬಿಚ್ಚಿ, ಕೈಯಲ್ಲಿ ತಿರುಗಿಸಿ ಎಣ್ಣೆ ಹೊರಗೆ ಹಾಕ್ಬೇಕು, ಆಮೇಲೆ ಸ್ಟಾರ್ಟು. ಹೀಗೆ ಸ್ಟಾರ್ಟ್ ಮಾಡಿ ಹೋದ ಎಂಜಿನ್ನಿಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗೋದು ಕಷ್ಟ, ಸರ್ವೇಯರ್ ಅದನ್ನೇ ಮೊದಲು ಕೇಳೋದು. ನೀವು ಟೋಯಿಂಗ್‌ನವರಾದ್ರೆ ಕೀಲಿ ನಿಮ್ಮ ಜೇಬಲ್ಲಿಟ್ಕೊಳ್ಳಿ, ಓನರಿಗೆ ಕೈ ತಡೆಯೋದಿಲ್ಲ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಪಲ್ಟಿಯಾದ್ರೆ?

ಉತ್ತರ: ಕಿತ್ತಳೆ ಬಣ್ಣದ ವೈರ್ ಮುಟ್ಬೇಡಿ, ಅಡಿಯಲ್ಲಿ ಬ್ಯಾಟರಿ ಇರೋದ್ರಿಂದ ಅಲ್ಲಿ ಚೈನ್ ಸುತ್ಬೇಡಿ, ಫ್ಲ್ಯಾಟ್‌ಬೆಡ್ ಮೇಲೇ ಒಯ್ಯಿರಿ. ತಂದ ಮೇಲೆ ಶೆಡ್ ಒಳಗೆ ನಿಲ್ಲಿಸಬೇಡಿ, ಬೇರೆ ಗಾಡಿಗಳಿಂದ 15 ಮೀಟರ್ ದೂರ ಬಯಲಲ್ಲಿರಲಿ, ಪೆಟ್ಟಾದ ಬ್ಯಾಟರಿ ಗಂಟೆಗಟ್ಟಲೆ ಸುಮ್ಮನಿದ್ದು, ಕೆಲವೊಮ್ಮೆ ದಿನಗಳ ಮೇಲೆ ಹೊತ್ಕೊಳ್ತದೆ.

ಪ್ರಶ್ನೆ: ಡೀಸೆಲ್ ಗಾಡಿಗೆ ಬೆಂಕಿ ಹತ್ತೋದಿಲ್ಲ ಅಂತಾರೆ, ನಿಜವಾ?

ಉತ್ತರ: ಸುಳ್ಳು.

ಪ್ರಶ್ನೆ: ಪಲ್ಟಿಯಾದ ಜಾಗದಲ್ಲಿ ಲಿಂಬೆಹಣ್ಣು ಕೊಯ್ದು ಹಾಕಿ ಆಮೇಲೆ ಹಗ್ಗ ಕಟ್ಬೇಕು ಅಂತ ನಮ್ಮ ಡ್ರೈವರ್ ಹಟ ಮಾಡ್ತಾನೆ.

ಉತ್ತರ: ಹಾಕ್ಲಿ, ಕೆಲಸ ಮುಗಿದ ಮೇಲೆ, ಶರಬತ್ತಿಗೆ.

ಪ್ರಶ್ನೆ: ಕಾಳಿ ನದಿಗೆ ಬಿದ್ದ ಲಾರಿ ಎತ್ತಿದ್ರಲ್ಲ, ನೀರಿಗೆ ಬಿದ್ದ ಕಾರನ್ನ ನಾವೂ ಹೈಡ್ರಾದಲ್ಲಿ ಎತ್ಬಹುದಾ?

ಉತ್ತರ: 2024ರ ಆಗಸ್ಟ್ 7ರ ನಸುಕಿಗೆ ಕಾರವಾರದ ಹಳೆ ಸೇತುವೆ ಕುಸಿದಾಗ ಬಿದ್ದ ಲಾರಿ ತಾನೇ? ಅದು ಮುಳುಗುಗಾರರ ಜೊತೆ ಮಾಡೋ ಕೆಲಸ. ನೀವು ಬೇಡ.

ಪ್ರಶ್ನೆ: ರಾತ್ರಿ ಮಳೇಲಿ ಘಟ್ಟದಿಂದ ಫೋನ್ ಬಂದ್ರೆ ಹೋಗೋದಾ ಬಿಡೋದಾ? ಜಾಸ್ತಿ ದುಡ್ಡು ಕೊಡ್ತೇವೆ ಅಂತಾರೆ.

ಉತ್ತರ: ಜನ ಒಳಗಿದ್ರೆ 112ಕ್ಕೆ, 108ಕ್ಕೆ ಹೇಳಿ ನೀವೂ ಹೊರಡಿ, ದುಡ್ಡಿನ ಮಾತು ಆಮೇಲೆ. ಜನ ಹೊರಗೆ ಬಂದಿದ್ದು ಕಾರು ರಸ್ತೆಯಿಂದ ಕೆಳಗಿದ್ರೆ ನಾನು ಹೋಗೋದಿಲ್ಲ, ಎಷ್ಟು ಕೊಟ್ರೂ. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಲ್ಲಿ ಗುಡ್ಡ ಕುಸಿದು ಬಂದಿದ್ದು ಹಾಡಹಗಲಲ್ಲಿ, ರಾತ್ರಿ ಮೇಲಿಂದ ಎಂತ ಬರ್ತದೆ ಅಂತ ಕಾಣೋದೂ ಇಲ್ಲ. ಹತ್ತಿರದ ಠಾಣೆಗೆ ತಿಳಿಸಿ, ಕಾರಿಗೆ ಬೆಳಕು ಬಿದ್ರೆ ಹೊಳೆಯೋ ಟೇಪ್ ಸುತ್ತಿಸಿ, ತಿರುವಿನ ಎರಡೂ ಕಡೆ ಕೋನ್ ಇಡ್ಸಿ, ಬೆಳಿಗ್ಗೆ ಆರೂವರೆ ಮೇಲೆ ಬರ್ತೇನೆ ಅಂತ ಹೇಳಿ ಫೋನ್ ಇಡಿ.