ಗಾಥ್ ನಾಯಕರ ಕಥೆ ಬರೆದವರು ಯಾರು?

ಪ್ರಶ್ನೆ: ಮಗಳಿಗೆ ಪರೀಕ್ಷೆಗೆ ಓದಿಸುವಾಗ ಅಲಾರಿಕ್ ಹೆಸರು ಬಂತು. ಒಂದು ಪುಸ್ತಕದಲ್ಲಿ ಅವನು ರೋಮ್ ಕೊಳ್ಳೆಹೊಡೆದ ಕಾಡುಜನರ ಮುಖಂಡ, ಇನ್ನೊಂದರಲ್ಲಿ ಗಾಥರ ದೊರೆ. ಯಾವುದನ್ನು ನಂಬೋಣ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ನಿಮ್ಮ ತಾಲ್ಲೂಕಿನ ತಾಳಗುಂದದಿಂದಲೇ ಶುರು ಮಾಡೋಣ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಮಯೂರಶರ್ಮನ ಕಥೆ ಇದೆ. ಓದಲು ಕಂಚಿಗೆ ಹೋದವನು ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ ಕಾದಾಡಿದ. ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿದರು. ಇದನ್ನು ಕೆತ್ತಿಸಿದ್ದು ಅವನದೇ ವಂಶದವರು. ಕಂಚಿಯ ಆಸ್ಥಾನದವರು ಬರೆದಿದ್ದರೆ ಅವನೂ ಕಾಡಲ್ಲಿ ಅವಿತ ದಂಗೆಕೋರನಾಗಿಯೇ ಉಳಿಯುತ್ತಿದ್ದ.

ಅದೇ 4ನೇ ಶತಮಾನದಲ್ಲಿ ಯುರೋಪಿನ ಡ್ಯಾನ್ಯೂಬ್ ನದಿಯಾಚೆ, ರೋಮನ್ ಸಾಮ್ರಾಜ್ಯದ ಗಡಿಯ ಹೊರಗೆ ಇದ್ದ ಗಾಥ್ ಜನರ ನಾಯಕರಿಗೆ ಇಂಥ ಕಂಬವಿಲ್ಲ. ಅವರ ಬಗ್ಗೆ ಸಿಗುವುದೆಲ್ಲ ಹೆಚ್ಚುಕಡಿಮೆ ರೋಮನ್ನರ ಕಡೆಯ ಬರಹ. ಆದರೂ ಅದನ್ನು ಬದಿಗೆ ತಳ್ಳಬೇಡಿ, ನಿಧಾನವಾಗಿ ಓದಿ. ರೋಮನ್ ನೆಲಕ್ಕೆ ಕಾಲಿಡುವುದಿಲ್ಲವೆಂದು ತಂದೆಗೆ ಮಾತು ಕೊಟ್ಟಿದ್ದೇನೆ ಎಂದ ಗಾಥ್ ನಾಯಕ ಅಥನಾರಿಕ್. ಅದಕ್ಕಾಗಿ 369ರಲ್ಲಿ ಚಕ್ರವರ್ತಿ ವೇಲೆನ್ಸ್ ನದಿಯ ನಡುವೆ ದೋಣಿಯಲ್ಲಿ ಸಂಧಿ ಮಾಡಿಕೊಳ್ಳಬೇಕಾಯಿತು. ಚಕ್ರವರ್ತಿಯನ್ನು ನಡುನೀರಿಗೆ ಬರಿಸಿದವನನ್ನು ಬರೀ ಕಾಡುಗುಂಪಿನ ಯಜಮಾನ ಎನ್ನಲು ನನಗೆ ಮನಸ್ಸಿಲ್ಲ. ಇದನ್ನು ಹೇಳುವ ಅಮ್ಮಿಯಾನಸ್ ಸ್ವತಃ ರೋಮನ್ ಸೈನಿಕ. 376ರಲ್ಲಿ ಹಸಿದು ನದಿ ದಾಟಿ ಬಂದ ಗಾಥರಿಗೆ ರೋಮನ್ ಅಧಿಕಾರಿಗಳು ನಾಯಿ ಮಾಂಸ ಕೊಟ್ಟು, ಬದಲಿಗೆ ಅವರ ಮಕ್ಕಳನ್ನು ಗುಲಾಮರಾಗಿ ಒಯ್ದದ್ದನ್ನೂ ಅವನೇ ಬರೆದಿದ್ದಾನೆ. ಎರಡೇ ವರ್ಷಕ್ಕೆ ಗಾಥ್ ನಾಯಕ ಫ್ರಿಟಿಗರ್ನ್‌ನ ಪಡೆ ಏಡ್ರಿಯಾನೋಪಲ್ ಬಳಿ ವೇಲೆನ್ಸ್‌ನನ್ನೇ ಕೊಂದಿತು.

ಗಾಥರ ಪರ ಬರೆದದ್ದನ್ನೂ ಅಷ್ಟೇ ಎಚ್ಚರದಿಂದ ಓದಬೇಕು. ಮುಂದೆ ಇಟಲಿಯಲ್ಲಿ ಗಾಥ್ ದೊರೆ ಥಿಯೊಡೊರಿಕ್‌ನ ಮನೆತನ ಆಳುತ್ತಿದ್ದಾಗ ಆಸ್ಥಾನದ ಕ್ಯಾಸಿಯೊಡೊರಸ್ ಆ ಮನೆತನಕ್ಕೆ 17 ತಲೆಮಾರಿನ ರಾಜವಂಶಾವಳಿ ಕಟ್ಟಿಕೊಟ್ಟ. ಅದು 6ನೇ ಶತಮಾನದ ಇತಿಹಾಸಕಾರ ಜೋರ್ಡಾನೆಸ್‌ನ ಮೂಲಕ ನಮಗೆ ಬಂದಿದೆ. ಹಳೆಯ ಕಾಲದ ಅನೇಕ ವಿದ್ವಾಂಸರು ಅದನ್ನು ನಂಬಿದ್ದರು; ಪೀಟರ್ ಹೀದರ್ ಮೊದಲಾದ ಈಗಿನ ಇತಿಹಾಸಕಾರರು ಒಪ್ಪುವುದಿಲ್ಲ.

ಈಗ ನಿಮ್ಮ ಅಲಾರಿಕ್. 394ರಲ್ಲಿ ಅವನು ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಪರವಾಗಿಯೇ ಕಾದಿದವನು, ಆಮೇಲೆ ರೋಮನ್ ಸೇನಾಧಿಕಾರವನ್ನೂ ಪಡೆದವನು. 409ರಲ್ಲಿ ಗಡಿಯ ನಾರಿಕಮ್ ಪ್ರಾಂತವನ್ನೂ ವರ್ಷವರ್ಷ ಒಂದಿಷ್ಟು ಧಾನ್ಯವನ್ನೂ ಕೊಟ್ಟರೆ ಸಾಕೆಂದು ಬಿಷಪ್ಪರ ಕೈಲಿ ಹೇಳಿಕಳಿಸಿದ. ಚಕ್ರವರ್ತಿ ಹೊನೋರಿಯಸ್ ಕೊಡಲಿಲ್ಲ. 410ರ ಆಗಸ್ಟ್‌ನಲ್ಲಿ ಮೂರು ದಿನ ರೋಮ್ ಕೊಳ್ಳೆಯಾಯಿತು. ಕೊಳ್ಳೆಹೊಡೆದದ್ದು ನಿಜ, ಅವನು ಗಾಥರ ದೊರೆಯೆಂಬುದೂ ನಿಜ. ಮಗಳಿಗೆ ಎರಡನ್ನೂ ಹೇಳಿಕೊಡಿ, ನಡುವೆ ಆ ಧಾನ್ಯದ ಮಾತು ಬಿಟ್ಟುಹೋಗದಿರಲಿ.