ಓದುಗರ ಪ್ರಶ್ನೆ: 25 ನಿಮಿಷದ ಗಂಟೆ ಯಾರಿಗೆ ಒಗ್ಗುತ್ತದೆ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. 25 ನಿಮಿಷ ಓದು, 5 ನಿಮಿಷ ಬಿಡುವು ಅಂತ ಮೊಬೈಲಿನಲ್ಲಿ ಟೈಮರ್ ಇಟ್ಟೆ. ಲೆಕ್ಕ ಬಿಡಿಸುವಾಗ ಅರ್ಧಕ್ಕೇ ಗಂಟೆ ಹೊಡೆಯುತ್ತದೆ. 5 ನಿಮಿಷದ ಬಿಡುವು ಅರ್ಧ ತಾಸಾಗುತ್ತದೆ. ನನಗೆ ಇದು ಆಗಿಬರುವುದಿಲ್ಲವೇ?

ಉತ್ತರ: ಮೊದಲು ಮೊಬೈಲನ್ನು ಇದರಿಂದ ಹೊರಗಿಡಿ. ಗಂಟೆ ನಿಲ್ಲಿಸಲೆಂದು ಅದು ಕೈಗೆ ಬರುತ್ತದೆ, ಬಂದ ಮೇಲೆ ವಾಟ್ಸಾಪ್ ತೆರೆಯದೆ ಇರುವವರು ಕಡಿಮೆ. ನಿಮ್ಮ ಅರ್ಧ ತಾಸು ಹೋಗುವುದು ಅಲ್ಲಿಯೇ. 25 ನಿಮಿಷ ಓದು, 5 ನಿಮಿಷ ಬಿಡುವಿನ ಈ ಪೊಮೊಡೊರೊ ಪದ್ಧತಿ ಶುರುವಾದದ್ದು 1980ರ ದಶಕದ ಕೊನೆಗೆ. ಇಟಲಿಯ ವಿದ್ಯಾರ್ಥಿ ಫ್ರಾನ್ಸೆಸ್ಕೊ ಸಿರಿಲ್ಲೊ ಟೊಮೆಟೊ ಆಕಾರದ, ಕೈಯಲ್ಲಿ ತಿರುವುವ ಅಡುಗೆಮನೆಯ ಟೈಮರ್ ಇಟ್ಟುಕೊಂಡು ಓದಲು ಕೂತಿದ್ದ. ಅಂಥದ್ದೇ ಒಂದು ಟೈಮರ್ ತನ್ನಿ, ಇಲ್ಲವೇ ಟೇಬಲ್ ಗಡಿಯಾರದ ಅಲಾರಾಂ ಸಾಕು. ಮೊಬೈಲ್ ಕೋಣೆಯ ಆಚೆ ತುದಿಯಲ್ಲಿ, ಚೀಲದೊಳಗಿರಲಿ.

ಇನ್ನು 25 ನಿಮಿಷದ ಮಾತು. ಅದೇನು ಕಾಯ್ದೆಯಲ್ಲ. ನೋಟ್ಸ್ ಓದುವುದಕ್ಕೆ, ಪ್ರಚಲಿತ ವಿದ್ಯಮಾನಕ್ಕೆ 25 ಸರಿ. ಲೆಕ್ಕ ಮತ್ತು ತಾರ್ಕಿಕ ಪ್ರಶ್ನೆಗಳಿಗೆ 45 ಇಡಿ, ಬಿಡುವು 10. ಲೆಕ್ಕದ ನಡುವೆ ಗಂಟೆ ಹೊಡೆದರೆ ಆ ಲೆಕ್ಕ ಮುಗಿಸಿಯೇ ಏಳಿ. ಮುಗಿಯುವ ಲಕ್ಷಣ ಇಲ್ಲದಿದ್ದರೆ ಮುಂದಿನ ಹೆಜ್ಜೆ ಏನೆಂದು ಅಂಚಿನಲ್ಲಿ ಒಂದು ಸಾಲು ಗೀಚಿಡಿ. ಹಾಗೆ ಬರೆಯದೆ ಎದ್ದರೆ ತಲೆಯಲ್ಲಿ ಅದೇ ಲೆಕ್ಕ ತಿರುಗುತ್ತಿರುತ್ತದೆ, ಬಿಡುವು ಬಿಡುವಾಗುವುದಿಲ್ಲ. ಮರಳಿ ಕೂತಾಗ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಗಂಟೆಗಿಂತ ಮುಂಚೆಯೇ. ಚೀಟಿಯಲ್ಲಿ 'ಸಂವಿಧಾನ' ಅಂತ ಬರೆದು ಕೂತರೆ 25 ನಿಮಿಷದಲ್ಲಿ ಯಾವುದೂ ಮುಗಿದಂತೆ ಅನಿಸುವುದಿಲ್ಲ. '14ರಿಂದ 18ನೇ ವಿಧಿ ಓದಿ, ಪುಸ್ತಕ ಮುಚ್ಚಿ 10 ಪ್ರಶ್ನೆ' ಎಂದು ಬರೆಯಿರಿ. ಸಮಾನತೆಯ ಹಕ್ಕು ಅಷ್ಟರಲ್ಲಿ ಮುಗಿಯುತ್ತದೆ, ಮುಗಿದದ್ದು ಕಣ್ಣಿಗೂ ಕಾಣುತ್ತದೆ. ಬಿಡುವಿನಲ್ಲಿ ಹಾಸಿಗೆ ಮೇಲೆ ಒರಗಬೇಡಿ. ಮೆಟ್ಟಿಲಿಳಿದು ನೀರಿನ ಬಾಟಲಿ ತುಂಬಿಸಿಕೊಂಡು ಬನ್ನಿ. ಇಂಥ ನಾಲ್ಕು ಸುತ್ತಾದ ಮೇಲೆ 15ರಿಂದ 30 ನಿಮಿಷದ ದೊಡ್ಡ ಬಿಡುವು.

ಒಂದು ಎಚ್ಚರಿಕೆ. ಪೂರ್ವಭಾವಿ ಪರೀಕ್ಷೆಯ ಒಂದೊಂದು ಪತ್ರಿಕೆಗೂ 2 ತಾಸು, 100 ಪ್ರಶ್ನೆ, ಅಂದರೆ ಪ್ರಶ್ನೆಗೆ 72 ಸೆಕೆಂಡು. ನಡುವೆ ಬಿಡುವಿಲ್ಲ. 25 ನಿಮಿಷಕ್ಕೊಮ್ಮೆ ಏಳುವ ರೂಢಿಯವರಿಗೆ ಅಲ್ಲಿ ಒಂದು ತಾಸಿಗೇ ಗಮನ ಚದುರುತ್ತದೆ. ಕೊನೆಯ ಒಂದೂವರೆ ತಿಂಗಳು ವಾರಕ್ಕೆ ಎರಡು ಸಲವಾದರೂ 2 ತಾಸು ಸತತ ಕೂತು ಮಾದರಿ ಪತ್ರಿಕೆ ಬಿಡಿಸಿ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಕ್ಕಳು, ಅತ್ತೆಯವರ ಔಷಧ, ನಳದ ನೀರು, ಬಾಗಿಲಿಗೆ ಬರುವ ಗಿರಾಕಿ. ನನಗೆ 25 ನಿಮಿಷ ಯಾರು ಬಿಡುತ್ತಾರೆ?

ಉತ್ತರ: ಯಾರೂ ಬಿಡುವುದಿಲ್ಲ, ಅದಕ್ಕೇ ಗಡಿಯಾರಕ್ಕಿಂತ ಮೊದಲು ಕೆಲಸವನ್ನು ಎರಡು ಪಾಲು ಮಾಡಿ. ಅಳತೆ ಹಾಕುವುದು, ಕತ್ತರಿಸುವುದು, ತೋಳು ಕೂಡಿಸುವುದು ನಡುವೆ ನಿಂತರೆ ಕೆಡುವ ಕೆಲಸ. ಕಂಕುಳ ಸುತ್ತಿನ ಗುರುತು ಹಾಕುವಾಗ ಎದ್ದು ಹೋಗಿ ಬಂದರೆ ಹೊಲಿಗೆ ಅಂಚು ಸೇರಿಸಿದ್ದೆನೋ ಇಲ್ಲವೋ ನೆನಪಿರುವುದಿಲ್ಲ. ಅರ್ಧ ಇಂಚು ಹೋದರೆ ಬಟ್ಟೆಯೇ ಹೋದ ಹಾಗೆ. ಹುಕ್ಕು ಹಚ್ಚುವುದು, ಕೈ ಹೆಮ್ಮಿಂಗ್, ಸೀರೆಗೆ ಫಾಲ್, ಇಸ್ತ್ರಿ ಎಲ್ಲಿ ಬಿಟ್ಟರೂ ನಡೆಯುತ್ತದೆ (ಇಸ್ತ್ರಿ ಪೆಟ್ಟಿಗೆ ಆರಿಸುವುದೊಂದು ಮರೆಯಬೇಡಿ).

ಮೊದಲ ಪಾಲಿಗೆ ಮಕ್ಕಳು ಶಾಲೆಗೆ ಹೋದ ಮೇಲೆ 30 ನಿಮಿಷದ ಎರಡು ಸುತ್ತು. ಆ ಹೊತ್ತಿಗೆ ಬಾಗಿಲು ಮುಂದೆ ಮಾಡಿ, 'ಗಿರಾಕಿಗಳು 12ರ ಮೇಲೆ ಬರ್ರಿ' ಎಂದು ಚೀಟಿ ಅಂಟಿಸಿ. ನೀರು ಬಿಡುವ ದಿನ ಈ ಸುತ್ತು ಇಡಲೇಬೇಡಿ, ಆ ದಿನ ಬರೀ ಕೈಕೆಲಸ. ಎರಡನೇ ಪಾಲಿಗೆ 10–12 ನಿಮಿಷ ಸಾಕು: ಸೂಜಿಗೆ ಮೊದಲೇ ದಾರ ಪೋಣಿಸಿ, ಹುಕ್ಕು ಎಣಿಸಿ ಒಂದು ಡಬ್ಬಿಯಲ್ಲಿಟ್ಟಿದ್ದರೆ ಅನ್ನಕ್ಕಿಟ್ಟ ಕುಕ್ಕರ್ ಕೂಗುವಷ್ಟರಲ್ಲಿ ಎರಡು ಮೂರು ಹುಕ್ಕು ಆಗುತ್ತವೆ. ಹತ್ತಿಯ ಲೈನಿಂಗ್ ಬಟ್ಟೆ ರಾತ್ರಿಯೇ ನೀರಿಗೆ ಹಾಕಿ ಒಣಗಿಸಿರಿ. ಇಲ್ಲವಾದರೆ ಕತ್ತರಿಸುವ ಸುತ್ತಿನಲ್ಲಿ ಅದಕ್ಕಾಗಿ ಕಾಯಬೇಕು, ಕಾಯದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಬ್ಲೌಸ್ ಮುದುಡಿಕೊಳ್ಳುತ್ತದೆ.

ಪ್ರಶ್ನೆ: ಹಾವೇರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಲೆಕ್ಕ ಬರೆಯುವುದು ತಿಂಗಳ ಕೊನೆಗೆ ಗುಡ್ಡೆ ಬೀಳುತ್ತದೆ.

ಉತ್ತರ: ದಿನಕ್ಕೆ 15 ನಿಮಿಷ, ಅಂಗಡಿ ತೆರೆದ ಕೂಡಲೇ. ರಾತ್ರಿ ಬಾಗಿಲು ಹಾಕುವ ಹೊತ್ತಿನಲ್ಲಿ ಇದು ನಡೆಯುವುದಿಲ್ಲ. ಸುಸ್ತಾದ ಕಣ್ಣಿಗೆ 1,860 ಹೋಗಿ 1,680 ಆಗುತ್ತದೆ. ಹಿಂದಿನ ದಿನದ ಖರೀದಿ ಬಿಲ್ಲು ಮೊದಲು, ಮಾರಾಟ ಆಮೇಲೆ, ಕೊನೆಗೆ ಗಲ್ಲಾಪೆಟ್ಟಿಗೆಯ ನಗದು ತಾಳೆ. ಗಿರಾಕಿ ಬಂದರೆ ಬರೆದ ಕೊನೆಯ ಬಿಲ್ಲಿನ ಮೇಲೆ ಪೆನ್ಸಿಲ್ ಗೀಟು ಎಳೆದು ಏಳಿ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ಹಾಗಾಗಿ 5ನೇ ತಾರೀಖಿಗೆ ಮಾತ್ರ ಒಂದು ತಾಸಿನ ಸುತ್ತು ಇಟ್ಟು, ಜಿಎಸ್‌ಟಿ ಸಂಖ್ಯೆ ತಪ್ಪಿದ ಬಿಲ್ಲುಗಳನ್ನು ಬೇರೆ ತೆಗೆದು ಆ ವ್ಯಾಪಾರಿಗಳಿಗೆ ಅಂದೇ ಫೋನ್ ಮಾಡಿ.