ಗೋಯಾ ಆ ಹಾಸಿಗೆಯಲ್ಲಿ ಸಾಯಲಿಲ್ಲ

ನಮಸ್ಕಾರ. ಸ್ಪೇನಿನ ಚಿತ್ರಕಾರ ಗೋಯಾ ಕಾಯಿಲೆಯ ಹಾಸಿಗೆಯಲ್ಲಿರುವ ತನ್ನನ್ನೂ ತನಗೆ ಔಷಧಿ ಕುಡಿಸುತ್ತಿರುವ ವೈದ್ಯ ಅರಿಯೇತಾನನ್ನೂ ಬರೆದ ಚಿತ್ರದ ಬಗ್ಗೆ, 'ಸಾವಿನ ಮಂಚದಲ್ಲಿ ಗೋಯಾ' ಅಂತ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವುದಕ್ಕೂ ಮನಸ್ಸಾಗಲಿಲ್ಲ. ಒಳಗೆ ಒಂದು ಒಳ್ಳೆಯ ಬರಹ ಇದೆ, ಅದರ ಮೇಲೆ ತುಂಬಾ ಸಾಮಾನು ಪೇರಿಸಿಟ್ಟಿದ್ದೀರಿ.

ಮೊದಲು ಮುಖ್ಯವಾದ ತಪ್ಪು. ನಿಮ್ಮ ಕೊನೆಯ ಪ್ಯಾರಾದಲ್ಲಿ ಗೋಯಾ 'ಕೊನೆಯುಸಿರಿನಲ್ಲೂ ಕುಂಚ ಬಿಡದ ಕಲಾವಿದ'. ಅವನು ಆ ಹಾಸಿಗೆಯಲ್ಲಿ ಸಾಯಲೇ ಇಲ್ಲ. 1819ರ ಕೊನೆಗೆ ಜೋರಾಗಿ ಕಾಯಿಲೆ ಬಿದ್ದ, ವೈದ್ಯ ಅರಿಯೇತಾ ಬದುಕಿಸಿದ, ಚೇತರಿಸಿಕೊಂಡ ಮೇಲೆ 1820ರಲ್ಲಿ ಈ ಚಿತ್ರ ಬರೆದ. ಆಮೇಲೂ ಎಂಟು ವರ್ಷ ಬದುಕಿದ್ದ. 1828ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ತೀರಿಕೊಂಡಾಗ ಅವನಿಗೆ 82. ಇದನ್ನು ತಿಳಿಯಲು ಯಾವ ದಪ್ಪ ಪುಸ್ತಕವೂ ಬೇಕಿಲ್ಲ, ಚಿತ್ರದ ಕೆಳಗಡೆ ಗೋಯಾ ತಾನೇ ಬರೆದಿಟ್ಟಿದ್ದಾನೆ: ನನ್ನ ಎಪ್ಪತ್ತಮೂರನೇ ವಯಸ್ಸಿನಲ್ಲಿ ಬಂದ ಅಪಾಯದ ಕಾಯಿಲೆಯಿಂದ, ತನ್ನ ಕೈಗುಣದಿಂದ, ಕಾಳಜಿಯಿಂದ ನನ್ನ ಜೀವ ಉಳಿಸಿದ ಗೆಳೆಯ ಅರಿಯೇತಾನಿಗೆ ಕೃತಜ್ಞತೆ ಅಂತ. ನೀವು ಆ ಸಾಲುಗಳ ಬಗ್ಗೆ ಒಂದು ಮಾತೂ ಬರೆದಿಲ್ಲ. ಹೋಗಲಿ, ಈಗ ನೋಡಿ.

ಯಾಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಅವನು ಬದುಕಿದ ಅನ್ನುವುದರಲ್ಲೇ ನಿಮ್ಮ ಲೇಖನದ ಜೀವ ಇದೆ. ಯೋಚನೆ ಮಾಡಿ. ಚಿತ್ರದಲ್ಲಿ ಅವನ ತಲೆ ಹಿಂದಕ್ಕೆ ವಾಲಿದೆ, ಕಣ್ಣು ಅರ್ಧ ಮುಚ್ಚಿದೆ, ಮುಖದಲ್ಲಿ ರಕ್ತವಿಲ್ಲ. ಆ ಹೊತ್ತಿನಲ್ಲಿ ಅವನು ತನ್ನ ಮುಖ ನೋಡಿಕೊಂಡಿರಲು ಸಾಧ್ಯವೇ ಇಲ್ಲ ಅಲ್ವಾ? ಅದನ್ನು ನೋಡಿದವನು ಅರಿಯೇತಾ. ಅಂದರೆ ಬೇರೊಬ್ಬರು ತನ್ನನ್ನು ಹೇಗೆ ಕಂಡಿರಬಹುದು ಅಂತ ಊಹಿಸಿಕೊಂಡು, ತನ್ನ ಸಂಕಟವನ್ನು ಹೊರಗಿನಿಂದ ನೋಡಿ, ಮೈಯಲ್ಲಿ ಶಕ್ತಿ ಬಂದ ಮೇಲೆ ಕೂತು ಬರೆದಿದ್ದಾನೆ. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಸಾವಿನ ಬಗ್ಗೆ ನೀವು ಬರೆದ ಮೂರು ಪುಟದಲ್ಲಿ ಇದರ ಸುಳಿವೇ ಇಲ್ಲ.

ಆ ಮೂರು ಪುಟ ತೆಗೆದುಬಿಡಿ. 'ಸಾವು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ' ಅನ್ನುವ ವಾಕ್ಯ ಯಾವ ಚಿತ್ರದ ಬಗ್ಗೆ ಬೇಕಾದರೂ ಬರೆಯಬಹುದು. ಹುಟ್ಟಿದ ಊರು, ಅರಮನೆಯ ಚಿತ್ರಕಾರನಾದದ್ದು, ರಾಜರ ಹೆಸರುಗಳು, ಇವೂ ಜಾಸ್ತಿಯಾಯಿತು. ಒಂದು ಸಂಗತಿ ಮಾತ್ರ ಉಳಿಸಿಕೊಳ್ಳಿ. 1792-93ರ ಕಾಯಿಲೆಯಲ್ಲಿ ಗೋಯಾನ ಕಿವಿ ಹೋಗಿತ್ತು. ಇದನ್ನು ನೀವು ಎರಡನೇ ಪುಟದಲ್ಲಿ ಹೇಳಿ ಮರೆತುಬಿಟ್ಟಿದ್ದೀರಿ. ತಂದು ಹಾಸಿಗೆಯ ಪಕ್ಕ ಇಡಿ. ವೈದ್ಯ 'ಕುಡಿಯಪ್ಪಾ' ಅಂದರೂ ಆ ರೋಗಿಗೆ ಕೇಳುವುದಿಲ್ಲ. ಹಾಗಾಗಿಯೇ ಇಲ್ಲಿ ಎಲ್ಲವನ್ನೂ ಕೈಗಳೇ ಹೇಳಬೇಕು. ಅರಿಯೇತಾನ ಒಂದು ತೋಳು ಹಿಂದಿನಿಂದ ಬಳಸಿ ಅವನನ್ನು ಎತ್ತಿ ಹಿಡಿದಿದೆ, ಇನ್ನೊಂದು ಕೈ ಗ್ಲಾಸನ್ನು ಬಾಯಿಯ ಹತ್ತಿರ ತಂದಿದೆ. ಒತ್ತಾಯ ಇದೆ, ಆದರೆ ಒರಟುತನ ಇಲ್ಲ.

'ಅವನ ಬೆರಳುಗಳು ಹೊದಿಕೆಯನ್ನು ಬಿಡಲೊಲ್ಲವು' ಅಂತ ಬರೆದಿದ್ದೀರಲ್ಲ, ಅದು ನಿಮ್ಮ ಲೇಖನದ ಅತ್ಯುತ್ತಮ ವಾಕ್ಯ. ಅದನ್ನು ಬರೆಯುವಾಗ ನೀವು ಚಿತ್ರ ನೋಡುತ್ತಿದ್ದಿರಿ, ಉಳಿದ ಕಡೆ ನಿಮ್ಮ ಮಾತನ್ನೇ ನೀವು ಕೇಳಿಸಿಕೊಳ್ಳುತ್ತಿದ್ದಿರಿ. ಲೇಖನವನ್ನು ಅಲ್ಲಿಂದಲೇ ಶುರು ಮಾಡಿ.

ಹಿಂದಿನ ಕತ್ತಲಲ್ಲಿರುವ ಮುಖಗಳನ್ನು 'ಯಮದೂತರು' ಅಂದಿದ್ದೀರಿ. ಒಪ್ಪುವುದಿಲ್ಲ. ಅವರು ಮನೆಯ ಆಳುಗಳು ಇರಬಹುದು ಅನ್ನುವವರಿದ್ದಾರೆ, ಪಾದ್ರಿ ಅನ್ನುವವರಿದ್ದಾರೆ, ಜ್ವರದಲ್ಲಿ ಕಂಡ ನೆರಳುಗಳು ಅನ್ನುವವರೂ ಇದ್ದಾರೆ. ತೀರ್ಮಾನವಾಗದ್ದನ್ನು ನೀವು ತೀರ್ಮಾನ ಮಾಡಬೇಡಿ. ಅಲ್ಲಿಂದ ನೇರವಾಗಿ ಅವನ ಕಪ್ಪು ಚಿತ್ರಗಳಿಗೆ ಹಾರುವುದೂ ಬೇಡ. ಮ್ಯಾಡ್ರಿಡ್ ಹೊರಗೆ 1819ರಲ್ಲಿ ಕೊಂಡ ಮನೆಯ ಗೋಡೆಗಳ ಮೇಲೆ ಅವನು ಬರೆದ ಆ 14 ಚಿತ್ರಗಳು ಇನ್ನೊಂದು ಲೇಖನದ ವಿಷಯ. ಅವುಗಳ ಭಯವನ್ನು ತಂದು ಈ ಚಿತ್ರದ ಮೇಲೆ ಸುರಿದರೆ, ಇಲ್ಲಿರುವ ಪ್ರೀತಿ ಕಾಣಿಸುವುದೇ ಇಲ್ಲ.

ಸೇರಿಸಬೇಕಾದದ್ದು ಒಂದಿದೆ. ಕಾಯಿಲೆಯಿಂದ ಪಾರಾದವರು ಆ ಘಟನೆಯನ್ನೇ ಚಿತ್ರವಾಗಿ ಬರೆಸಿ, ಕೆಳಗೆ ನಾಲ್ಕು ಸಾಲು ಬರೆಸಿ, ಸಂತರಿಗೆ ಅರ್ಪಿಸುವ ಪದ್ಧತಿ ಸ್ಪೇನಿನ ಚರ್ಚುಗಳಲ್ಲಿ ಇತ್ತು. ನಮ್ಮಲ್ಲಿ ಹರಕೆ ಹೊತ್ತು ಬೆಳ್ಳಿಯ ಕಣ್ಣು, ಕಾಲು ಒಪ್ಪಿಸುವ ಹಾಗೆ. ಗೋಯಾ ಅದೇ ರೂಪ ತೆಗೆದುಕೊಂಡು, ಸಂತರು ಇರಬೇಕಾದ ಜಾಗದಲ್ಲಿ ಹಸಿರು ಕೋಟಿನ ಒಬ್ಬ ಡಾಕ್ಟರನ್ನು ಕೂರಿಸಿದ. ಇದಕ್ಕೆ ಒಂದು ಪ್ಯಾರಾ ಕೊಡಿ, ಓದುಗರಿಗೆ ಥಟ್ಟನೆ ಹಿಡಿಸುತ್ತದೆ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಅನಿರ್ವಚನೀಯ', 'ಅಗಮ್ಯ', 'ಅಲೌಕಿಕ' ಮೂರೂ ಒಂದೇ ಪುಟದಲ್ಲಿವೆ. ಆದರೆ ಚಿತ್ರದಲ್ಲಿರುವ ಕಂಬಳಿ ಕೆಂಪಗಿದೆ ಅಂತ ನೀವು ಎಲ್ಲೂ ಬರೆದಿಲ್ಲ.

ಚಿತ್ರ ಈಗ ಅಮೆರಿಕದ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿದೆ, ನೀವು ಬರೆದ ಹಾಗೆ ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯದಲ್ಲಿ ಅಲ್ಲ. ಎತ್ತರ ಸುಮಾರು 115 ಸೆಂ.ಮೀ., ಅಗಲ 77. ಮಿನಿಯಾಪೊಲಿಸ್ ಸಂಗ್ರಹಾಲಯದ ವೆಬ್‌ಸೈಟಿನಲ್ಲಿ ಚಿತ್ರ ತೆಗೆದು, ಹಿಗ್ಗಿಸಿ, ಮೊದಲು ಕೈಗಳನ್ನು, ಆಮೇಲೆ ಕೆಳಗಿನ ಬರಹವನ್ನು ನಿಧಾನವಾಗಿ ನೋಡಿ. ಸಾವಿರ ಪದದೊಳಗೆ ತಿದ್ದಿ ಕಳಿಸಿ, ಶೀರ್ಷಿಕೆಯನ್ನೂ ಬದಲಾಯಿಸಿ. ಬಂದ ಕೂಡಲೇ ನಾನೇ ಓದುತ್ತೇನೆ.